ಒಂದೇ ಕೈಯಲ್ಲಿ ಮಡಚುವ ಗಾಡಿ

ಆ ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಹದಿಮೂರು ತಿಂಗಳ ಮಗಳು ಅವಳ ಬೆನ್ನು ಹಿಡಿದುಕೊಂಡು ನಿಂತಿದ್ದಳು. ನಾನು ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ತನ್ನ ಫೋನಿನಲ್ಲಿ ಏನೋ ಒತ್ತಿದಳು. ನನ್ನ ಫೋನು ಮೂರು ಸಲ ಸದ್ದು ಮಾಡಿತು. ತೆಗೆದು ನೋಡಿದರೆ ಮೂರು ಫೋಟೋ. ಮೂರೂ ಕೂಸಿನ ಗಾಡಿಗಳು. ಕೆಳಗೆ ಒಂದೇ ಮಾತು: ‘ಯಾವುದು?’

“ಏನಿವು?” ಅಂದೆ.

“ಸ್ಟ್ರೋಲರ್ ರೀ. ಮಡಚಿ ಚೀಲಧಂಗ ಹಿಡ್ಕೊಂಡು ಹೋಗೂದು. ಹೈದರಾಬಾದಿಗೆ ಹೋದಾಗ ಬೇಕಾಗ್ತದ.”

“ಯಾಕ, ನಿನಗ ಸೊಂಟ ಇಲ್ಲೇನು?”

“ನನಗ ಅದ. ನಿಮ್ಮ ಸೊಂಟದ ಮ್ಯಾಲ ಎಂದರ ಕೂಸು ಕುಂತದೇನು, ನೆನಪ ಮಾಡ್ಕೊಂಡು ಹೇಳ್ರಿ.”

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ನಕ್ಕಳು. “ನಾ ಒಂದು ಆರ್ಸಿ ಇಟ್ಟೀನಿ. ಯಾವುದಂತ ಹೇಳಂಗಿಲ್ಲ. ಮೊದಲ ನೀವು ಹೇಳ್ರಿ. ಎರಡೂ ಒಂದ ಆದ್ರ ನೀವು ಗೆದ್ದಂಗ.”

“ಆಗದಿದ್ರ?”

“ಆಗದಿದ್ರ ನಂದ ತರೂದು.”

ಮನೆಗೆ ಏನು ತರುವುದಿದ್ದರೂ ಅವಳು ಹೀಗೇ ಮಾಡುತ್ತಿದ್ದಳು. ಫ್ಯಾನು, ಬಾಗಿಲ ಪರದೆ, ಮಗಳ ಮೊದಲ ಅಂಗಿ. ಬಹಳ ಸಲ ನಾನು ಸೋಲುತ್ತಿದ್ದೆ. ಅಷ್ಟರಲ್ಲಿ ಸಗರದ ರೈತರೊಬ್ಬರು ಸುಟ್ಟ ಪಂಪ್‌ಸೆಟ್ ಮೋಟಾರನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದು ಬಾಗಿಲಿಗೆ ನಿಂತರು. “ಸಂಜಿಕಿ ನೋಡೋಣು” ಅಂದು ಎದ್ದೆ. ಶಹಾಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಸುಟ್ಟ ಮೋಟಾರುಗಳ ಸುರುಳಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕೆಲಸ. ಆ ದಿನ ಸಂಜೆಯೂ ಅದೇ ಮೋಟಾರಿನ ಮುಂದೆ ಕೂತಿದ್ದೆ. ಊಟಕ್ಕೆ ಕೂತಾಗ ಅವಳು “ನೋಡಿದ್ರೇನು?” ಅಂದಳು. “ನಾಳಿ” ಅಂದೆ.

ಮರುದಿನ ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದವಳು “ತಲಿ ಸಿಡಿಯಾಕತ್ತದ” ಅಂದು ಕಲ್ಲಿನ ಮೇಲೆ ಕೂತಳು. ಮತ್ತೆ ಏಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದು ಡಾಕ್ಟರು ಹೇಳಿದರು. ಕಲಬುರಗಿಗೆ ಒಯ್ದೆವು. ಮೂರನೆಯ ದಿನ ಅವಳನ್ನು ಸುಮ್ಮನೆ ಮಲಗಿಸಿಕೊಂಡು ವಾಪಸ್ ಬಂದೆವು. ಇಷ್ಟೇ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ, ಬರೆಯಬೇಕೆಂದೂ ಅನಿಸುವುದಿಲ್ಲ.

ದಿನಕರ್ಮ ಮುಗಿದ ಮೇಲೆ ಅವಳ ತಾಯಿ ನನ್ನ ಮಗಳನ್ನು ರಂಗಂಪೇಟೆಗೆ ಕರೆದುಕೊಂಡು ಹೋದರು. ಬೇಡ ಅನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೂಸಿಗೆ ಹಾಲು ಕಾಸುವುದಕ್ಕೆ, ಎಣ್ಣೆ ಹಚ್ಚಿ ಎರೆಯುವುದಕ್ಕೆ ಅಲ್ಲಿ ಜನರಿದ್ದರು. ಪ್ರತಿ ಭಾನುವಾರ ಬಸ್ಸು ಹತ್ತಿ ಸುರಪುರಕ್ಕೆ ಇಳಿದು ರಂಗಂಪೇಟೆಗೆ ನಡೆದು ಹೋಗುತ್ತಿದ್ದೆ. ಮೊದಲ ತಿಂಗಳು ಮಗಳು ನನ್ನನ್ನು ನೋಡಿ ಓಡಿ ಬರುತ್ತಿದ್ದಳು. ಮೂರನೆಯ ತಿಂಗಳು ನನ್ನನ್ನು ನೋಡಿ ಅತ್ತೆಯ ಸೆರಗಿನ ಹಿಂದೆ ಸರಿದಳು. ಐದನೆಯ ತಿಂಗಳು ನಾನು ಎತ್ತಿಕೊಂಡ ಕೂಡಲೇ ಅತ್ತಳು. ಅತ್ತೆ ಅವಳನ್ನು ನನ್ನ ಕೈಯಿಂದ ತೆಗೆದುಕೊಂಡರು. ಸುಮ್ಮನಾದಳು.

ಅಂದು ಹೇಳಿದೆ: “ಅತ್ತಿ, ಇನ್ನ ಮುಂದ ಕೂಸು ನನ್ನ ಹಂತ್ಯಾಕ ಇರ್ತದ. ಕರ್ಕೊಂಡು ಹೋಗ್ತೀನ್ರಿ.”

ಅತ್ತೆ ಸಿಟ್ಟಾಗಲಿಲ್ಲ. ಅವರು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಒಂದೇ ಪ್ರಶ್ನೆ ಕೇಳಿದರು. “ನೀವೊಬ್ರ ಬಸ್ಸ ಹತ್ತಬೇಕು. ಕೂಸು ಹಿಡೀಬೇಕು. ಚೀಲ ಹಿಡೀಬೇಕು. ಹಾಲಿನ ಬಾಟ್ಲಿ, ನೀರಿನ ಬಾಟ್ಲಿ. ಬಸ್ಸಿನ್ಯಾಗ ನಿಂತ್ರ ಮ್ಯಾಲಿನ ಸರಳ ಹಿಡೀಬೇಕು. ನಿಮಗ ಎಷ್ಟ ಕೈ ಅದಾವ್ರಿ?”

ಸುತ್ತ ಕೂತಿದ್ದ ಹೆಂಗಸರು ನಕ್ಕರು. ಒಬ್ಬಾಕೆ, “ಗಂಡಸರ ಕೈಯಾಗ ಕೂಸು ಎಷ್ಟೊತ್ತು ಇರ್ತದ, ಫೋಟೋ ತಗಿಯೂತನ” ಅಂದಳು. ನಾನೂ ನಗಬೇಕಿತ್ತೇನೋ. ನಗಲಿಲ್ಲ.

“ಕೈಯಿಂದು ನಾ ನೋಡ್ಕೊಳ್ತೀನಿ” ಅಂದು ಎದ್ದು ಬಂದೆ.

ಬಸ್ಸಿನಲ್ಲಿ ಕೂತಾಗ ಐದು ತಿಂಗಳ ನಂತರ ಮೊದಲ ಸಲ ಆ ಮೂರು ಫೋಟೋ ತೆಗೆದು ನೋಡಿದೆ. ಆ ಸೋಮವಾರ ಬೆಳಿಗ್ಗೆ ಚಹಾ ಕುಡಿಯುತ್ತ ಒಂದು ಸಲ ಕಣ್ಣಾಡಿಸಿದ್ದೆನೇ ಹೊರತು ಒಂದೊಂದನ್ನೂ ದೊಡ್ಡದು ಮಾಡಿ ನೋಡಿರಲಿಲ್ಲ. ಮೊದಲನೆಯದು ದೊಡ್ಡ ಗಾಲಿಯದು. ಮೆತ್ತನೆಯ ಗಾದಿ, ಕಪ್ಪಿಡಲು ಜಾಗ, ನೋಡಿದರೆ ಸೋಫಾ ತುಂಡೊಂದಕ್ಕೆ ಗಾಲಿ ಹಚ್ಚಿದ ಹಾಗೆ. ಎರಡನೆಯದು ಕೊಡೆಯ ಹಾಗೆ ಮಡಚುವುದು. ಎರಡು ಸಣ್ಣ ಹಿಡಿಕೆ, ತೆಳ್ಳಗಿನ ಕೊಳವೆ, ಬಟ್ಟೆಯ ಆಸನ. ಮೂರನೆಯದು ಮಡಚಿದರೆ ಸಣ್ಣ ಸೂಟ್‌ಕೇಸಿನಷ್ಟಾಗುವುದು. ಹಿಡಿಕೆಯ ನಡುವೆ ಒಂದು ಗುಂಡಿ.

ಶಹಾಪುರದ ಅಂಗಡಿಗಳಲ್ಲಿ ವಾಕರ್ ಇದ್ದವು, ಮೂರು ಗಾಲಿಯ ಸೈಕಲ್ ಇದ್ದವು. ಇಂಥದು ಇರಲಿಲ್ಲ. ಫೋನಿನಲ್ಲಿ ತರಿಸು ಎಂದು ಗೆಳೆಯನೊಬ್ಬ ಹೇಳಿದ. ನಾನು ಒಪ್ಪಲಿಲ್ಲ. ಬೇರಿಂಗನ್ನು ಬೆರಳಿನಿಂದ ತಿರುಗಿಸಿ ನೋಡದೆ ಕೊಂಡವನಲ್ಲ ನಾನು. ಮಗಳು ಕೂರುವ ಗಾಡಿಯನ್ನು ಫೋಟೋ ನೋಡಿ ತರುವುದೆಂದರೇನು? ಬುಧವಾರ ಅಂಗಡಿ ಮುಚ್ಚಿ ಯಾದಗಿರಿಗೆ ಹೋದೆ.

ಅಲ್ಲಿ ಒಂದು ಸೈಕಲ್ ಅಂಗಡಿ. ಮಾಲೀಕರು ವಯಸ್ಸಾದ ಸಾಹೇಬರು. ಕೂಸಿನ ಗಾಡಿ ಬೇಕು ಅಂದೆ.

“ಬಾಬಾಗಾಡಿ? ಅದಾವ. ಇದು ನೋಡ್ರಿ ಭಾಯ್, ನವಾಬರ ಗಾಡಿ.” ಮೊದಲ ಫೋಟೋದಲ್ಲಿದ್ದಂಥದನ್ನೇ ತಳ್ಳಿಕೊಂಡು ಬಂದರು. ಎತ್ತಿ ನೋಡಿದೆ. ಮೂರು ಎಚ್‌ಪಿ ಮೋಟಾರಿನ ಅರ್ಧ ತೂಕ ಇರಬಹುದು. ಬಸ್ಸಿನ ಮೆಟ್ಟಿಲ ಮೇಲೆ ಇದನ್ನು ಏರಿಸುವವರು ಯಾರು? ಬೇಡ ಅಂದೆ.

ಎರಡನೆಯದನ್ನು ತೆಗೆದರು. ಹಗುರ. ಗಾಲಿ ತಿರುಗಿಸಿದೆ, ಅಲುಗಾಟ ಸ್ವಲ್ಪವೇ ಇತ್ತು. ಕೊಳವೆ ಸೇರುವ ಜಾಗದ ರಿವೆಟ್ ನೋಡಿದೆ, ಗಟ್ಟಿಯಿತ್ತು.

“ಮಡಚಿ ತೋರಸ್ರಿ” ಅಂದೆ.

ಅವರು ಕಾಲಿನಿಂದ ಒಂದು ಕೊಕ್ಕೆ ಒತ್ತಿದರು, ಎರಡೂ ಕೈಯಿಂದ ಹಿಡಿಕೆಗಳನ್ನು ಮುಂದಕ್ಕೆ ತಳ್ಳಿದರು. ಕೊಡೆಯ ಹಾಗೆ ಮುಚ್ಚಿಕೊಂಡಿತು. “ಆತು ನೋಡ್ರಿ, ಎರಡ ಮಿನಿಟಿನ ಕೆಲಸ.”

“ಒಂದ ಕೈಯಾಗ ಮಡಚ್ರಿ.”

“ಒಂದ ಕೈಯಾಗ ಯಾಕ? ಇನ್ನೊಂದ ಕೈಗೆ ಏನಾಗ್ಯಾದ ಭಾಯ್?”

“ಅದರಾಗ ಕೂಸು ಅದ.”

“ಕೂಸು ಅವರ ಅಮ್ಮೀ ಹಿಡೀತಾಳಲ್ಲ.”

ನಾನು ಬಗ್ಗಿ ಗಾಲಿಯನ್ನು ಮತ್ತೊಮ್ಮೆ ತಿರುಗಿಸಿದೆ. ಅವರು ನನ್ನ ಮುಖ ನೋಡಿದರು. ಗಲ್ಲೆಯ ಪಕ್ಕದಲ್ಲಿದ್ದ ಅಕ್ಕಿಯ ಸಣ್ಣ ಚೀಲವನ್ನು ಎತ್ತಿ, ಕೂಸನ್ನು ಎತ್ತಿಕೊಳ್ಳುವ ಹಾಗೆಯೇ ಎಡಗೈಯಲ್ಲಿ ಎದೆಗೆ ಒತ್ತಿಕೊಂಡು, ಬಲಗೈಯಿಂದ ಆ ಗಾಡಿ ಮಡಚಲು ನೋಡಿದರು. ಅರ್ಧ ಮಡಚಿ ಅಡ್ಡ ಬಿತ್ತು. ಮತ್ತೊಮ್ಮೆ ನೋಡಿದರು. ಚೀಲ ಜಾರಿತು, ಗಾಡಿ ಬಿಟ್ಟು ಚೀಲವನ್ನು ಹಿಡಿದುಕೊಂಡರು. ಅಕ್ಕಿಯ ಚೀಲದ ಬೆನ್ನು ಎರಡು ಸಲ ತಟ್ಟಿದರು. ತಟ್ಟಿದ್ದು ಅವರಿಗೇ ಗೊತ್ತಾಗಲಿಲ್ಲ ಅನಿಸುತ್ತದೆ.

“ಇದು ನಡಿಯಂಗಿಲ್ಲ” ಅಂದರು. “ಇದು ಇಬ್ಬರದು.”

ಒಳಗಿನಿಂದ ಮೂರನೆಯದನ್ನು ತಂದರು. ಉಳಿದವಕ್ಕಿಂತ ತುಟ್ಟಿ, ಅದಕ್ಕೇ ಡಬ್ಬದಿಂದ ತೆಗೆದೇ ಇರಲಿಲ್ಲ. ಅಕ್ಕಿಚೀಲ ಈಗ ನನ್ನ ತೋಳಿಗೆ ಬಂತು. ಹಿಡಿಕೆಯ ಗುಂಡಿ ಒತ್ತಿ ಮುಂದಕ್ಕೆ ನೂಕಿದೆ. ಗಾಡಿ ತಾನೇ ಕುಸಿದು, ಮಡಚಿಕೊಂಡು, ಬೀಳದೆ ನಿಂತಿತು. ಎತ್ತಿದೆ. ಪಟ್ಟಿಯನ್ನು ಹೆಗಲಿಗೆ ಹಾಕಿದೆ. ಚೀಲ ಎದೆಯ ಮೇಲೇ ಇತ್ತು. ಬಿಚ್ಚಿದೆ, ಮಡಚಿದೆ. ಹತ್ತು ಸಲ. ಸಾಹೇಬರು ಎಣಿಸುತ್ತಿದ್ದರು. ಗಾಲಿ ಸಣ್ಣದಿತ್ತು, ರಂಗಂಪೇಟೆಯ ದಾರಿಗೆ ಹಾಸಿದ ಪರಸಿಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಗೊತ್ತಾಯಿತು. ಬಿಸಿಲಿನ ಮುಚ್ಚಿಗೆಯೂ ಗಿಡ್ಡ. ನಮ್ಮ ಕಡೆಯ ಬಿಸಿಲಿಗೆ ಸಾಲದು. ಮುಚ್ಚಿಗೆಗೆ ಬಟ್ಟೆ ಹೊಲಿಸಬಹುದು. ಗಾಲಿಗೆ ದಾರಿ ನೋಡಿ ತಳ್ಳಬಹುದು. ಮೂರನೆಯ ಕೈಯನ್ನು ಮಾತ್ರ ಎಲ್ಲಿಯೂ ಹೊಲಿಸಲು ಬರುವುದಿಲ್ಲ. ಅದನ್ನೇ ತಂದೆ.

ತಂದ ಮೇಲೆ ಪರೀಕ್ಷೆ ಮಾಡಬೇಕಲ್ಲ. ಸುತ್ತಿದ ಮೋಟಾರನ್ನು ಭಾರ ಹಚ್ಚಿ ಓಡಿಸದೆ ನಾನು ಯಾರಿಗೂ ಕೊಟ್ಟವನಲ್ಲ. ಅಕ್ಕಿಚೀಲ ಮೆತ್ತಗಿತ್ತು, ಅದು ಸರಿಯಾದ ಪರೀಕ್ಷೆಯಲ್ಲ. ಮನೆಯಲ್ಲಿ ಒರಳಿನ ಗುಂಡುಕಲ್ಲು ಇತ್ತು. ತೂಗಿ ನೋಡಿದೆ, ಮಗಳಿಗಿಂತ ಸ್ವಲ್ಪ ಹೆಚ್ಚೇ. ಹೆಂಡತಿಯ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಗಾಡಿಯಲ್ಲಿ ಕೂಡ್ರಿಸಿ, ಬೆಲ್ಟ್ ಹಾಕಿ, ಓಣಿಯಲ್ಲಿ ತಳ್ಳಿಕೊಂಡು ಹೊರಟೆ.

ಕಟ್ಟೆಯ ಮೇಲೆ ಕೂತಿದ್ದವರು ಮಾತು ನಿಲ್ಲಿಸಿದರು. ಒಬ್ಬ ಹಿರಿಯರು ಬಗ್ಗಿ ಒಳಗೆ ನೋಡಿದರು. “ಏನಪಾ, ಕಲ್ಲ ಗಾಳಿಗೆ ತಿರುಗ್ಯಾಡಸಾಕ ಒಯ್ಯಾಕತ್ತೀಯೇನು?”

“ಹೌದ್ರಿ ಕಾಕಾ. ಮನ್ಯಾಗ ಕುಂತು ಬ್ಯಾಸರಾಗಿತ್ತದಕ್ಕ.”

“ನಾಳಿ ಕೂಸಿನ್ನೂ ಹಿಂಗ ತಳ್ತೀಯೇನು? ಕೂಸಿಗಿ ಕಾಲಿಲ್ಲೇನು?”

“ಕಾಲು ಅದಾವ್ರಿ. ನನಗ ಕೈ ಕಡಿಮಿ ಅದಾವು.”

ಮೂರು ದಿನ ತಳ್ಳಿದೆ. ತಗ್ಗಿಗೆ ಇಳಿಸಿದೆ, ಮೆಟ್ಟಿಲು ಹತ್ತಿಸಿದೆ, ಎರೆಮಣ್ಣಿನ ಕೆಸರಿನಲ್ಲಿ ಓಡಿಸಿ ಗಾಲಿ ತೊಳೆದೆ. ನಾಲ್ಕನೆಯ ದಿನ ಕಕ್ಕೇರಾದಿಂದ ನನ್ನ ಅಕ್ಕನ ಫೋನು ಬಂತು.

“ತಮ್ಮಾ, ಕಲ್ಲು ತಳ್ಳಾಕತ್ತೀಯಂತ ಹೌದೇನು?”

“ಹೌದು.”

“ಯಪ್ಪಾ, ನಿನ ಕೈ ಮುಗಿತೀನಿ. ಸುಮ್ಮ ಒಂದು ಮದಿವಿ ಮಾಡ್ಕೋ. ಕಲ್ಲು ತಳ್ಳೂದು ಬಿಡು. ಇಲ್ಲಿ ಎಲ್ಲಾರೂ ನಿನ್ನ ತಲಿ ಕೆಟ್ಟೈತಿ ಅನ್ನಾಕತ್ಯಾರ.”

“ಗಾಡಿಗೆ ಕೈ ಸಿಗಲಿಲ್ಲಂತ ಮದಿವಿ ಮಾಡ್ಕೋಬೇಕೇನಕ್ಕಾ?” ಅಂದೆ. ಆಕೆ ಫೋನಿಟ್ಟಳು. ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಎದುರಿಗೆ ಸಿಕ್ಕವರೆಲ್ಲ ಇದೇ ಮಾತು ಹೇಳುವಾಗ, ಸತ್ತವಳು ಒಂದು ಕೆಲಸ ಬಿಟ್ಟು ಹೋಗಿದ್ದಾಳೆ, ಆ ಕೆಲಸಕ್ಕೆ ಬೇರೆಯವರನ್ನು ಹಚ್ಚಿದರೆ ಮುಗಿಯಿತು ಎನ್ನುವ ಹಾಗಿರುತ್ತಿತ್ತು. ಅದನ್ನು ನಾನು ಒಪ್ಪಲಿಲ್ಲ. ಇಂದಿಗೂ ಒಪ್ಪುವುದಿಲ್ಲ.

ಕಕ್ಕೇರಾಕ್ಕೆ ಮುಟ್ಟಿದ ಸುದ್ದಿ ರಂಗಂಪೇಟೆಗೆ ಮುಟ್ಟದೆ ಇರುತ್ತದೆಯೇ? ಮರುದಿನ ಮಧ್ಯಾಹ್ನ ಅತ್ತೆ ಒಬ್ಬರೇ ಬಂದಿಳಿದರು. ಮಗಳನ್ನು ಕರೆತಂದಿರಲಿಲ್ಲ. ಅಳಿಯನ ತಲೆ ಸರಿಯಿದೆಯೋ ಇಲ್ಲವೋ ನೋಡಲು ಬಂದಿದ್ದರು. ಸರಿಯಿಲ್ಲ ಅನಿಸಿದ್ದರೆ ಮಗಳು ನನಗೆ ಸಿಗುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗಾಡಿ ಅಂಗಳದಲ್ಲಿತ್ತು. ಗುಂಡುಕಲ್ಲು ಅದರಲ್ಲಿ ಕೂತಿತ್ತು. ಅತ್ತೆ ಚಪ್ಪಲಿ ಬಿಟ್ಟು ಅದರ ಮುಂದೆ ನಿಂತರು. ಸೀರೆಯ ತುಂಡನ್ನು ಗುರುತು ಹಿಡಿದರು. ತಮ್ಮ ಮಗಳಿಗೆ ಅವರೇ ಕೊಡಿಸಿದ್ದ ಸೀರೆ. ಅದರ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಕೇಳಿದರು:

“ಗುಂಡಪ್ಪಗ ಕುಂಚಿಗಿ ಹಾಕಿಲ್ಲಲ್ರಿ?”

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ನಮ್ಮಲ್ಲಿ ಹೆಸರಿಡುವ ದಿನ ಕೂಸನ್ನು ನೇರ ತೊಟ್ಟಿಲಿಗೆ ಹಾಕುವುದಿಲ್ಲ. ಬರೀ ತೊಟ್ಟಿಲು ತೂಗಲೂಬಾರದು. ಮೊದಲು ಗುಂಡುಕಲ್ಲನ್ನು ತೊಳೆದು, ಕುಂಕುಮ ಹಚ್ಚಿ, ಕೂಸಿನ ಟೊಪ್ಪಿಗೆಯಾದ ಕುಂಚಿಗೆ ತೊಡಿಸಿ ಮಲಗಿಸುತ್ತಾರೆ. ಗುಂಡಪ್ಪ ಎಂದು ಕರೆಯುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು ಮೊದಲು ಕಲ್ಲು, ಆಮೇಲೆ ಕೂಸು. ನನ್ನ ಮಗಳ ತೊಟ್ಟಿಲಿಗೆ ಆ ಕಲ್ಲು ಇಟ್ಟವರು ಇವರೇ. ಅದೇ ಕಲ್ಲು ಎಂಬುದು ನನಗೆ ಹೊಳೆದಿರಲಿಲ್ಲ. ಅವತ್ತು ಗಂಡಸರು ಹೊರಗೆ ಊಟದ ಎಲೆ ಹಾಕುತ್ತಿದ್ದೆವು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಶಾಸ್ತ್ರಕ್ಕ ಇಟ್ಟಿದ್ದಲ್ರಿ ಅತ್ತಿ. ತೂಕ ತಡೀತದೇನು ಅಂತ ನೋಡಾಕತ್ತಿದ್ದೆ.”

“ನೀವು ಯಾತಕ್ಕರ ಇಟ್ಟಿರ್ರಿ. ಇಟ್ಟೀರಿಲ್ಲೋ? ಮೊದಲ ಕಲ್ಲು, ಆಮ್ಯಾಲ ಕೂಸು. ಆತು.” ಒಳಗೆ ಹೋಗಿ, ಕೇಳದೆಯೇ ದೇವರ ಗೂಡಿನಿಂದ ಕುಂಕುಮದ ಬಟ್ಟಲು ತಂದು ಕಲ್ಲಿಗೆ ಹಚ್ಚಿದರು. ತಮ್ಮ ಕರವಸ್ತ್ರವನ್ನೇ ಅದರ ತಲೆಗೆ ಕಟ್ಟಿದರು. ಆಮೇಲೆ ಗಾಡಿಯನ್ನು ಎರಡು ಹೆಜ್ಜೆ ತಳ್ಳಿ ನಿಲ್ಲಿಸಿ, ಅದರ ಹಿಡಿಕೆಯ ಮೇಲೆ ಹಣೆಯಿಟ್ಟು ಅತ್ತರು. ನಾನು ಅಂಗಡಿಯೊಳಗೆ ಹೋಗಿ ತಂತಿ ಸುತ್ತುತ್ತ ಕೂತೆ.

ಹೋಗುವಾಗ ಅಂದರು: “ಭಾನುವಾರ ಬರ್ರಿ. ಗಾಡಿ ತರ್ರಿ. ಆದ್ರ ನಾ ಯಾರನ್ನೂ ಜೋಡಿ ಕಳಸಂಗಿಲ್ಲ. ನೀವೊಬ್ರ ಒಯ್ಯಬೇಕು. ದಾರ್ಯಾಗ ಯಾರ ಕೈಯಾಗರ ಕೂಸು ಕೊಟ್ರಿ ಅಂತ ಗೊತ್ತಾತಂದ್ರ ಮರುದಿನ ಬಂದು ಕರ್ಕೊಂಡು ಹೋಗ್ತೀನಿ.”

ಭಾನುವಾರ ಹೋದೆ. ಮಗಳು ಗಾಡಿಯಲ್ಲಿ ಕೂರಲು ಅತ್ತಳು, ಗಾಲಿ ತಿರುಗಿದ ಕೂಡಲೇ ಸುಮ್ಮನಾದಳು. ಪರಸಿಕಲ್ಲಿನ ಸಂದಿಯಲ್ಲಿ ಗಾಲಿ ಎರಡು ಸಲ ಸಿಕ್ಕಿಕೊಂಡಿತು, ಅದು ನನಗೆ ಮೊದಲೇ ಗೊತ್ತಿದ್ದದ್ದು. ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಶಹಾಪುರದ ಬಸ್ಸು ನಿಂತಿತ್ತು. ಮಗಳನ್ನು ಎಡಗೈಗೆ ಎತ್ತಿಕೊಂಡೆ, ಗುಂಡಿ ಒತ್ತಿದೆ, ಗಾಡಿ ಮಡಚಿಕೊಂಡಿತು. ಬೆನ್ನಿಗೆ ಚೀಲ, ಹೆಗಲಿಗೆ ಗಾಡಿ, ಬಲಗೈ ಬಾಗಿಲ ಸರಳಿಗೆ.

ಕಂಡಕ್ಟರು ತಡೆದರು. “ಏನ್ರಿ ಅದು? ಲಗೇಜ್ ಆಗ್ತದ.”

“ಲಗೇಜ್ ಅಲ್ರಿ. ಕೂಸಿನ ಕುರ್ಚಿ.”

“ಕೂಸಿಗೆ ಟಿಕೀಟಿಲ್ಲ, ಮತ್ತ ಕುರ್ಚಿ ಎಲ್ಲಿಂದ ಬಂತ್ರಿ?”

“ಟಿಕೀಟಿಲ್ಲಂತ ಮನಿಂದ ಕುರ್ಚಿ ತಂದಾಳ್ರಿ.”

ಬಸ್ಸೆಲ್ಲ ನಕ್ಕಿತು. ಕಂಡಕ್ಟರೂ ನಕ್ಕು “ಹತ್ರಿ ಹತ್ರಿ” ಅಂದರು. ಸೀಟಿನಲ್ಲಿ ಕೂತೆ, ಗಾಡಿ ನನ್ನ ಕಾಲ ಮುಂದೆ ಹಿಡಿಯಿತು. ಪಕ್ಕದ ಸೀಟಿನ ಹೆಂಗಸು ಕೈ ಚಾಚಿ, “ಕೊಡ್ರಿ ಅಣ್ಣಾರ, ಕೂಸು ನಾ ಹಿಡ್ಕೊಳ್ತೀನಿ. ಗಂಡಸರು ಎಷ್ಟಂತ ಹಿಡೀತೀರಿ” ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. “ಬ್ಯಾಡವ್ವ, ನಾನ ಹಿಡೀತೀನಿ” ಅಂದೆ. ಮಗಳು ದಾರಿಯಲ್ಲಿ ಒಮ್ಮೆ ವಾಂತಿ ಮಾಡಿದಳು, ನನ್ನ ಅಂಗಿಯ ಮೇಲೆ. ಒರೆಸಿದೆ. ಒಮ್ಮೆ ಜೋರಾಗಿ ಅತ್ತಳು. ಬಾಟ್ಲಿಯ ಮುಚ್ಚಳವನ್ನು ಹಲ್ಲಿನಿಂದ ತೆಗೆದು ಹಾಲು ಕುಡಿಸಿದೆ. ಸುತ್ತಲಿನವರು ನೋಡುತ್ತಿದ್ದರು. ನೋಡಲಿ.

ಶಹಾಪುರದಲ್ಲಿ ಇಳಿದು, ಗಾಡಿ ಬಿಚ್ಚಿ, ಮಗಳನ್ನು ಕೂಡ್ರಿಸಿ ಬೆಲ್ಟ್ ಹಾಕುತ್ತಿದ್ದೆ. ಹಿಂದಿನಿಂದ ಯಾರೋ ನನ್ನ ಮುಂದೆ ಒಂದು ಸಣ್ಣ ಚಪ್ಪಲಿ ಹಿಡಿದರು.

“ಸೀಟಿನ ಕೆಳಗ ಬಿದ್ದಿತ್ತು. ಇದೊಂದ ನಿಮಗ ಕಾಣಲಿಲ್ಲ.”

ಅತ್ತೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಕೊನೆಯ ಸೀಟಿನಲ್ಲಿ ಕೂತು ಸುರಪುರದಿಂದ ಬಂದಿದ್ದರು. ಮೊಮ್ಮಗಳು ನೋಡಿ ಕೈ ಚಾಚಿದಳು. ಅತ್ತೆ ಎತ್ತಿಕೊಳ್ಳಲಿಲ್ಲ. ಕೆನ್ನೆ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡರು.

“ಮನಿಗಿ ಬರ್ರಿ ಅತ್ತಿ.”

“ಈಗ ಬ್ಯಾಡ. ನಾ ಬಂದ್ರ ನನ್ನ ಹಿಂದ ಅಳಕೋತ ಬರ್ತದ. ವಾರ ಬಿಟ್ಟು ಬರ್ತೀನಿ.” ವಾಪಸ್ ಹೋಗುವ ಬಸ್ಸಿಗೆ ಹತ್ತಿ ಕೂತರು. ಕಿಟಕಿಯಿಂದ ನಮ್ಮ ಕಡೆ ನೋಡಲಿಲ್ಲ. ನೋಡಿದ್ದರೆ ಇಳಿದುಬಿಡುತ್ತಿದ್ದರು ಅನಿಸುತ್ತದೆ.

ಅಂದಿನಿಂದ ಮಗಳು ನನ್ನ ಹತ್ತಿರ ಇದ್ದಾಳೆ. ಅಂಗಡಿಯ ಒಂದು ಮೂಲೆಗೆ ತಂತಿಯ ಜಾಳಿ ಹಚ್ಚಿದ್ದೇನೆ, ತಾಮ್ರದ ಚೂರು ಕೈಗೆ ಸಿಗಬಾರದೆಂದು. ಸುರುಳಿಗೆ ಕಟು ವಾಸನೆಯ ವಾರ್ನಿಷ್ ಹಚ್ಚುವ ಕೆಲಸ ರಾತ್ರಿ ಅವಳು ಮಲಗಿದ ಮೇಲೆ, ಅಂಗಳದಲ್ಲಿ ಮಾತ್ರ. ಓಣಿಯವರು ಈಗಲೂ “ಗಾಡಿ ಬಂತು” ಎನ್ನುತ್ತಾರೆ. ಬಂತು ಅಂದರೆ ಬಂತು. ನಾನು ದಾರಿ ಬಿಡಿ ಅನ್ನುತ್ತೇನೆ.

ಚಳಿ ಶುರುವಾದ ಮೇಲೆ ಹೈದರಾಬಾದಿಗೂ ಹೋಗಿ ಬಂದೆವು. ಅಲ್ಲಿನ ಮೃಗಾಲಯದಲ್ಲಿ ಮಗಳಿಗೆ ಜಿರಾಫೆ ತೋರಿಸಬೇಕು ಎಂದು ಹೆಂಡತಿ ಅನ್ನುತ್ತಿದ್ದಳು. ಯಾದಗಿರಿ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲನ್ನು ಮಗಳು ಎದೆಗೆ, ಗಾಡಿ ಹೆಗಲಿಗೆ ಹಾಕಿಕೊಂಡು ಹತ್ತಿದೆ. ಒಬ್ಬ ಪೋರ್ಟರ್ “ನಾ ಹಿಡಿಲೇನ್ರಿ?” ಅಂದರು. ಗಾಡಿಯನ್ನು ಕೊಟ್ಟೆ. ಈಗ ಯಾರಿಗೂ ಏನನ್ನೂ ತೋರಿಸುವುದಿರಲಿಲ್ಲ. ಮಗಳು ಜಿರಾಫೆ ಬರುವ ಹೊತ್ತಿಗೆ ಗಾಡಿಯಲ್ಲಿ ನಿದ್ದೆ ಹೋಗಿದ್ದಳು. ಎಬ್ಬಿಸಿದೆ. ನೋಡಿ, “ಎಮ್ಮಿ” ಅಂದಳು.

ಬರುವಾಗ ರೈಲಿನಲ್ಲಿ ಫೋನು ತೆಗೆದೆ. ಆ ಮೂರು ಫೋಟೋ, ಆ ಪ್ರಶ್ನೆ. ಕೆಳಗೆ ‘ಮೂರನೇದು’ ಎಂದು ಬರೆದು ಕಳಿಸಿದೆ. ಅವಳ ಫೋನು ಮನೆಯ ಅಲಮಾರಿಯಲ್ಲಿ ಆರಿ ಬಿದ್ದಿದೆ ಎಂದು ನನಗೆ ಗೊತ್ತು. ಆದರೂ ಆಟ ಅಂದ ಮೇಲೆ ನನ್ನ ಉತ್ತರ ಹೇಳಬೇಕಿತ್ತು, ಹೇಳಿದೆ.

ಮೂರರಲ್ಲಿ ಅವಳು ಆರಿಸಿ ಇಟ್ಟಿದ್ದು ಯಾವುದು ಎಂಬುದು ಮಾತ್ರ ನನಗೆ ಗೊತ್ತಿಲ್ಲ.